ಅಳಿಸುವ ಮುಂಚಿನ ವಾಯಿದೆ

ಕೋಡಿನ ಪ್ರತಿ ಬದಲಾವಣೆಯನ್ನೂ ಕಾಪಿಡುವ ಸಬ್‌ವರ್ಷನ್ ವ್ಯವಸ್ಥೆ ಇದ್ದಷ್ಟು ಕಾಲ ನಮ್ಮ ಆಫೀಸಿನಲ್ಲಿ ಯಾರಿಗೂ ಕಳೆದುಹೋಗುವ ಚಿಂತೆ ಇರಲಿಲ್ಲ. ಬೆಳಿಗ್ಗೆ ಬರೆದದ್ದು ಸರಿಯಿಲ್ಲವೆಂದು ಸಂಜೆ ಕಿತ್ತುಹಾಕಿದರೂ, ಬೆಳಗಿನದಕ್ಕೊಂದು ನಂಬರು, ಸಂಜೆಯದಕ್ಕೊಂದು ನಂಬರು ಬಿದ್ದು ಎರಡೂ ಸರ್ವರಿನಲ್ಲಿ ಕೂತಿರುತ್ತಿದ್ದವು. ಏನನ್ನಾದರೂ ನಿಜವಾಗಿ ಅಳಿಸಬೇಕೆಂದರೆ ಇಡೀ ಭಂಡಾರವನ್ನು, ಅಂದರೆ ರೆಪೊವನ್ನು, ಹೊರಗೆ ಸುರಿದು, ಸೋಸಿ, ಮತ್ತೆ ತುಂಬಬೇಕು. ಆ ಉಸಾಬರಿಗೆ ಯಾರೂ ಹೋಗುತ್ತಿರಲಿಲ್ಲ. ಆಮೇಲೆ ಗಿಟ್ ಬಂತು. ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಲಿನಕ್ಸ್ ಕರ್ನೆಲ್ ಕೆಲಸಕ್ಕೆಂದು ಬರೆದ ವ್ಯವಸ್ಥೆ ಅದು. ಬೆಂಗಳೂರಿನ ನಮ್ಮಂಥ ಸಾಧಾರಣ ಕಂಪನಿಗಳಿಗೆ ಇಳಿದು ಬರಲು ಆರೇಳು ವರ್ಷ ಹಿಡಿಯಿತು. ಹುಡುಗರು ಖುಷಿಯಾದರು. ಬ್ರಾಂಚ್ ಮಾಡುವುದು ಸಲೀಸು, ಅಳಿಸುವುದು ಇನ್ನೂ ಸಲೀಸು.

ಆ ಅಳಿಸುವುದರಲ್ಲೇ ಒಂದು ಸೂಕ್ಷ್ಮವಿತ್ತು. ಗಿಟ್‌ನಲ್ಲಿ ಕೆಲಸದ ಒಂದೊಂದು ಹಂತವೂ ಒಂದು ಕಮಿಟ್. ಪ್ರತಿ ಕಮಿಟ್ಟೂ ತನ್ನ ಹಿಂದಿನದು ಯಾವುದೆಂದು ಬರೆದುಕೊಂಡಿರುತ್ತದೆ. ಮುಂದಿನದು ಯಾವುದೆಂದು ಅದಕ್ಕೆ ಗೊತ್ತಿಲ್ಲ. ಹಾಗಾಗಿ ಸಾಲಿನ ತುದಿಯಲ್ಲಿರುವ ಕಮಿಟ್ಟಿಗೆ ಯಾರಾದರೂ ಒಂದು ಹೆಸರು ಕೊಟ್ಟಿರಬೇಕು. ಆ ಹೆಸರೇ ಬ್ರಾಂಚ್. ಬ್ರಾಂಚ್ ಅಳಿಸಿದರೆ ಅಳಿಯುವುದು ಹೆಸರು ಮಾತ್ರ. ಕಮಿಟ್ಟುಗಳು ಡಿಸ್ಕಿನಲ್ಲಿ ಇದ್ದಲ್ಲೇ ಇರುತ್ತವೆ, ಆದರೆ ಅವುಗಳ ಹತ್ತಿರ ಹೋಗುವ ದಾರಿ ಇರುವುದಿಲ್ಲ. ಯಾವ ಹೆಸರಿನಿಂದ ಹೊರಟು ಎಷ್ಟು ಹಿಂದಕ್ಕೆ ನಡೆದರೂ ಸಿಗದಂಥವನ್ನು ಗಿಟ್ ಕಸವೆಂದು ಎಣಿಸಿ, ಒಂದು ವಾಯಿದೆ ಕೊಟ್ಟು, ಆಮೇಲೆ ಗುಡಿಸಿ ಹಾಕುತ್ತದೆ. ಆ ವಾಯಿದೆ ಎಷ್ಟಿರಬೇಕು ಅನ್ನುವುದು ಡಿಸ್ಕಿನ ವಿಷಯವೆಂದೇ ನಾನು ಬಹಳ ಕಾಲ ತಿಳಿದಿದ್ದೆ.

ನಾವು ಆಗ ಶಾಲೆಗಳ ಅಂಕಪಟ್ಟಿ ಮುದ್ರಿಸುವ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಕನ್ನಡದಲ್ಲಿ ಅಂಕಪಟ್ಟಿ ಅಂದಮೇಲೆ ಮೊದಲ ತಲೆನೋವು ‘ರ‍್ಯಾಂಕ್’. ರಕಾರ ಮುಂದೆ ಪೂರ್ತಿಯಾಗಿ ಬಂದು ಅದರಡಿ ಯ ಒತ್ತು ಬರಬೇಕು. ಕಂಪ್ಯೂಟರಿನ ರೂಢಿ ಬೇರೆ: ರ, ಹಲಂತ, ಯ ಒಟ್ಟಿಗೆ ಕಂಡರೆ ಅದು ಸೂರ್ಯ, ಆರ್ಯ ಅನ್ನುವಾಗಿನ ಹಾಗೆ ಅರ್ಕಾವತ್ತು ಹಾಕಿ ‘ರ್ಯಾಂಕ್’ ಮಾಡಿಬಿಡುತ್ತದೆ. ರಕಾರದ ಪಕ್ಕದಲ್ಲಿ ಕಣ್ಣಿಗೆ ಕಾಣದ ಒಂದು ಜೋಡಣೆ ಚಿಹ್ನೆಯನ್ನು ಸೇರಿಸಿದರೆ ಯೂನಿಕೋಡ್‌ನಲ್ಲಿ ಇದು ಸರಿಹೋಗುತ್ತದೆ. ಆದರೆ ಶಾಲೆಗಳಿಂದ ಬರುವ ಮಾಹಿತಿಯಲ್ಲಿ ಆ ಚಿಹ್ನೆ ಒಂದು ಕಡೆ ಇರುತ್ತಿತ್ತು, ಇನ್ನೊಂದು ಕಡೆ ಇರುತ್ತಿರಲಿಲ್ಲ. ಹಳೆಯ ಫಾಂಟಿನಿಂದ ಬದಲಾಯಿಸಿಕೊಂಡು ಬಂದ ಕಡತಗಳಲ್ಲಂತೂ ಎಲ್ಲೆಂದರಲ್ಲಿ ತೂರಿಕೊಂಡಿರುತ್ತಿತ್ತು. ಧಾರವಾಡದ ಕಡೆಯ ಒಬ್ಬ ಹುಡುಗ ಇದಕ್ಕೊಂದು ಉಪಾಯ ಬರೆದಿದ್ದ. ಯಾವ ಪದಕ್ಕೆ ಅರ್ಕಾವತ್ತು, ಯಾವುದಕ್ಕೆ ಬಿಡಿ ರಕಾರ ಅಂತ ತೀರ್ಮಾನಿಸಲು ಪದಗಳ ಪಟ್ಟಿಯನ್ನೂ ತಾನೇ ಕೂಡಿಸಿದ್ದ. ಮೇಲಿನವರಿಗೆ ಅದು ಅತಿಯಾಯಿತು ಅನ್ನಿಸಿತು. ಬ್ರಾಂಚು ಸೇರ್ಪಡೆಯಾಗಲಿಲ್ಲ. ಹುಡುಗ ಬೇರೆ ಕೆಲಸಕ್ಕೆ ಹೋದ. ಮಳೆಗಾಲದಲ್ಲಿ ಯಾರೋ ಹಳೇ ಬ್ರಾಂಚುಗಳನ್ನೆಲ್ಲ ಸಾಫ್ ಮಾಡಿದರು.

ಯುಗಾದಿ ಕಳೆದು ಫಲಿತಾಂಶದ ಕಾಲ ಬಂದಾಗ ಒಂದು ದೊಡ್ಡ ಶಾಲೆಯವರು ಅಂಕಪಟ್ಟಿಗಳ ಕಟ್ಟನ್ನು ವಾಪಸು ಕಳಿಸಿದರು. ಕನ್ನಡ ಮೇಷ್ಟ್ರೊಬ್ಬರು ಒಂದೊಂದು ಹಾಳೆಯಲ್ಲೂ ಕೆಂಪು ಇಂಕಿನಿಂದ ಸುತ್ತು ಹಾಕಿದ್ದರು. ಆಗ ಎಲ್ಲರಿಗೂ ಧಾರವಾಡದ ಹುಡುಗ ನೆನಪಾದ. ಫೋನ್ ಮಾಡಿದರೆ, “ಸರ, ಎಲ್ಲಾ ಸರ್ವರ್‌ನ್ಯಾಗ ಐತ್ರಿ, ನನ್ನ ಹತ್ರ ಏನೂ ಇಲ್ರಿ” ಅಂದ. ಸರ್ವರಿನಲ್ಲಿ ಇರಲಿಲ್ಲ. ಹೆಸರು ಹೋಗಿ ಎಷ್ಟೋ ತಿಂಗಳಾಗಿತ್ತು, ಕಸ ಗುಡಿಸುವ ಕೆಲಸ ತನ್ನ ಪಾಡಿಗೆ ತಾನು ನಡೆದುಹೋಗಿತ್ತು. ನಮ್ಮ ನಮ್ಮ ಯಂತ್ರಗಳಲ್ಲಾದರೆ ಗಿಟ್ ರಿಫ್‌ಲಾಗ್ ಅಂತ ಒಂದು ದಿನಚರಿ ಇಟ್ಟುಕೊಂಡಿರುತ್ತದೆ: ಹೆಸರುಗಳು ಯಾವತ್ತು ಎಲ್ಲಿದ್ದವು ಅನ್ನುವುದು ಅದರಲ್ಲಿ ಸಿಗುತ್ತದೆ. ಸರ್ವರಿನಲ್ಲಿ ಇಡುವಂಥ ಬರಿಯ ರೆಪೊಗಳಿಗೆ, ನಾವಾಗಿ ಕೇಳದಿದ್ದರೆ, ಆ ದಿನಚರಿಯೂ ಇರುವುದಿಲ್ಲ.

ಹುಡುಗನ ಕೆಲಸ ಕೊನೆಗೆ ಸಿಕ್ಕಿದ್ದು ಟೆಸ್ಟಿಂಗ್ ಮಾಡುತ್ತಿದ್ದ ತುಮಕೂರಿನ ಮೇಡಂ ಒಬ್ಬರ ಲ್ಯಾಪ್‌ಟಾಪಿನಲ್ಲಿ. ಹುಡುಗನ ಬ್ರಾಂಚನ್ನು ಒಂದು ಸಲ ಪರೀಕ್ಷೆ ಮಾಡಲು ಇಳಿಸಿಕೊಂಡಿದ್ದರು, ಅಷ್ಟೆ. ಸರ್ವರಿನಲ್ಲಿ ಒಂದು ಬ್ರಾಂಚ್ ಅಳಿಸಿದರೆ ಅದನ್ನು ಹಿಂದೆ ಇಳಿಸಿಕೊಂಡವರ ಯಂತ್ರದಲ್ಲಿ ಅದರ ಗುರುತು ತಾನಾಗಿ ಹೋಗುವುದಿಲ್ಲ. ‘ಸತ್ತದ್ದನ್ನು ತೆಗೆ’ ಅಂತ ಬೇರೆಯಾಗಿ ಹೇಳಬೇಕು. ನಾವೆಲ್ಲ ಚೊಕ್ಕಟದ ಜನ, ಹೇಳಿದ್ದೆವು. ಮೇಡಂ ಹೇಳಿರಲಿಲ್ಲ. “ನನಗೆ ಅದೆಲ್ಲ ಗೊತ್ತಿಲ್ಲಪ್ಪ, ಬಂದದ್ದು ಬಂತು ಅಂತ ಬಿಟ್ಟಿದ್ದೆ” ಅಂದರು. ಸರ್ವರಿಗೆ ಕಸವಾಗಿದ್ದದ್ದು ಅವರ ಲ್ಯಾಪ್‌ಟಾಪಿನಲ್ಲಿ ಹೆಸರು ಸಮೇತ ಕೂತಿತ್ತು. ಎಟುಕುವುದು, ಎಟುಕದಿರುವುದು ಅನ್ನುವುದು ಕಮಿಟ್ಟಿನ ಗುಣವಲ್ಲ, ನಾವು ನಿಂತ ಜಾಗದ ಗುಣ ಎಂದು ನನಗೆ ಹೊಳೆದದ್ದು ಅವತ್ತು.

ನಮ್ಮ ಸರ್ವರ್ ನೋಡಿಕೊಳ್ಳುತ್ತಿದ್ದವನು ಕೆ.ಜಿ.ಎಫ್.ನವನು. ನನಗಿಂತ ಚಿಕ್ಕವನು, ನಮ್ಮ ಕೋಲಾರ ಜಿಲ್ಲೆಯವನೇ ಆದ್ದರಿಂದ ಸಲಿಗೆ. ಅವನ ತಂದೆ 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚುವವರೆಗೂ ಅಲ್ಲೇ ದುಡಿದವರು. ‘ಕಸಕ್ಕೆ ಎರಡು ವಾರ ಅಂತ ವಾಯಿದೆ ಇಟ್ಟವರ ತಲೆ ಎಲ್ಲಿತ್ತು?’ ಅಂತ ನಾನು ರೇಗಿದಾಗ ಅವನು ಸಮಾಧಾನವಾಗಿ ಬಿಡಿಸಿ ಹೇಳಿದ. ಆ ಎರಡು ವಾರ ಇರುವುದು ಮನುಷ್ಯರ ಮರೆವಿಗಲ್ಲವಂತೆ. ಒಬ್ಬರು ತಮ್ಮ ಕೆಲಸವನ್ನು ಸರ್ವರಿಗೆ ಕಳಿಸುವಾಗ ಮೊದಲು ಸರಕು ಬರುತ್ತದೆ, ಕೊನೆಗೆ ಹೆಸರು ಬೀಳುತ್ತದೆ. ಈ ಎರಡರ ನಡುವಿನ ಹೊತ್ತಿನಲ್ಲಿ ಹೊಸದಾಗಿ ಬಂದ ಸರಕೂ ನೋಡುವವರಿಗೆ ಕಸದ ಹಾಗೇ ಕಾಣುತ್ತದೆ. ಗುಡಿಸುವವನು ಅದೇ ಹೊತ್ತಿಗೆ ಬಂದರೆ ಹುಟ್ಟುತ್ತಿರುವುದನ್ನೇ ಗುಡಿಸಿಬಿಟ್ಟಾನು. ಅದಕ್ಕೇ ಹೊಸದನ್ನು ಮುಟ್ಟಬೇಡ, ಎರಡು ವಾರ ಹಳೆಯದಾಗಿದ್ದರೆ ಮಾತ್ರ ತೆಗೆ ಅನ್ನುವ ಕಟ್ಟಳೆ. ಯಂತ್ರದ ಲೆಕ್ಕಕ್ಕೆ ಅದು ಧಾರಾಳ.

ಇನ್ನೊಂದು ಮಾತನ್ನು ಅವನು ಹೇಳಿದಾಗ ನಾನು ಮೊದಲು ನಂಬಲಿಲ್ಲ, ನಾನೇ ಮಾಡಿ ನೋಡಿದ ಮೇಲೆ ನಂಬಿದೆ. ಆ ಎರಡು ವಾರವನ್ನು ಎಣಿಸುವುದು ಹೆಸರು ಕಳಚಿದ ದಿನದಿಂದಲ್ಲ. ಡಿಸ್ಕಿನ ಮೇಲಿನ ಆ ಫೈಲಿನ ಮೇಲೆ ಬಿದ್ದಿರುವ ತಾರೀಖಿನಿಂದ. ಸ್ವಂತ ಯಂತ್ರದಲ್ಲಿ ರಿಫ್‌ಲಾಗ್ ಇದ್ದು, ಯಾವ ಬ್ರಾಂಚಿನಿಂದಲೂ ಎಟುಕದವುಗಳ ನಮೂದನ್ನು 30 ದಿನ, ಉಳಿದವನ್ನು 90 ದಿನ ಕಾಯುತ್ತದೆ. ಆ 30 ದಿನ ಮುಗಿದು ಕೊನೆಯ ಹಿಡಿತವೂ ತಪ್ಪಿದಾಗ ಇನ್ನೆರಡು ವಾರ ಸಿಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಸಿಗುವುದಿಲ್ಲ. ಫೈಲು ಅಷ್ಟು ಹೊತ್ತಿಗೆ ಎರಡು ವಾರಕ್ಕಿಂತ ಹಳೆಯದಾಗಿರುತ್ತದೆ, ಮುಂದಿನ ಗುಡಿಸುವಿಕೆಯಲ್ಲೇ ಹೋಗುತ್ತದೆ. ಬಿಡಿ ಫೈಲುಗಳು 6700 ದಾಟಿದವೆಂದು ಅಂದಾಜಾದರೆ ಆ ಗುಡಿಸುವಿಕೆ ತಾನಾಗಿ ಶುರುವಾಗುತ್ತದೆ, ಯಾರನ್ನೂ ಕೇಳುವುದಿಲ್ಲ.

“ಹಂಗಾದ್ರೆ ಏನೂ ತೆಗೀದೆ ಇಡಪ್ಪ, ಡಿಸ್ಕ್ ಈಗ ಅಗ್ಗ” ಅಂದೆ ನಾನು.

“ಸಾರ್, ಇಟ್ಟುಕೊಳ್ಳೋದು ಸುಮ್ಮನೆ ಅಲ್ಲ. ನಮ್ಮೂರ ಸೈನೈಡ್ ಗುಡ್ಡ ನೋಡಿದ್ದೀರಲ್ಲ?” ಅಂದ.

ನೋಡಿದ್ದೆ. ಚಿನ್ನ ತೆಗೆದು ಬಿಸಾಕಿದ ಅದಿರಿನ ಪುಡಿಯ ಗುಡ್ಡಗಳು. ಗಾಳಿಯ ಕಾಲದಲ್ಲಿ ಅವುಗಳ ಧೂಳು ಊರಿನ ಮೇಲೆಲ್ಲ ಬರುತ್ತದೆ. ಅವನ ಮನೆಯಲ್ಲಿ ಅನ್ನದ ಪಾತ್ರೆಗೂ ಬಟ್ಟೆ ಕಟ್ಟಿ ಇಡುತ್ತಿದ್ದರಂತೆ. ಅದೇ ಗುಡ್ಡಗಳಲ್ಲಿ ಇನ್ನೂ ಚಿನ್ನವಿದೆ ಅಂತ ಲೆಕ್ಕ ಹಾಕುತ್ತಲೇ ಬಂದಿದ್ದಾರೆ. 2024ರಲ್ಲಿ 13 ಗುಡ್ಡಗಳನ್ನು ಮತ್ತೆ ಸೋಸಲು ರಾಜ್ಯ ಸಂಪುಟ ಒಪ್ಪಿಗೆಯನ್ನೂ ಕೊಟ್ಟಿತು. ಅವನು ಈ ಮಾತು ಹೇಳಿದ್ದು ಅದಕ್ಕೆ ಎಷ್ಟೋ ಮುಂಚೆ. ಬಿಸಾಕಿದ್ದರಲ್ಲಿ ಚಿನ್ನ ಇದ್ದೀತು ಅನ್ನುವುದನ್ನು ಅವನು ಅಲ್ಲಗಳೆಯಲಿಲ್ಲ. ಅಷ್ಟು ವರ್ಷ ಧೂಳು ಕುಡಿದವರು ಯಾರು ಅಂತ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಇವತ್ತಿಗೂ ಆ ಪ್ರಶ್ನೆಯನ್ನು ಬದಿಗಿಟ್ಟು ಈ ವಿಷಯ ಮಾತಾಡುವವರನ್ನು ಕಂಡರೆ ನನಗೆ ಪೂರ್ತಿ ನಂಬಿಕೆ ಬರುವುದಿಲ್ಲ.

ಉಳಿಯುವುದು, ಅಳಿಯುವುದು ಅಂದಾಗ ನನಗೆ ನೆನಪಾಗುವುದು ನನ್ನೂರು. ನಾನು ಹುಟ್ಟಿ ಬೆಳೆದದ್ದು ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿ. ಶಿವರಾತ್ರಿಯ ದನಗಳ ಜಾತ್ರೆಯಿಂದ ಹೊರಗಿನವರಿಗೆ ಪರಿಚಯವಾಗುವ ಊರು. ಬೆಟ್ಟದ ಮೇಲೆ ಸೀತಮ್ಮನ ಗುಡಿ, ಲವಕುಶರು ಹುಟ್ಟಿದರೆನ್ನುವ ಜಾಗ; ಕೆಳಗೆ ಒಂದೇ ಪ್ರಾಕಾರದಲ್ಲಿ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಶಿವಾಲಯಗಳು, ನೊಳಂಬರ ಕಾಲದವು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಕಲ್ಲಿನ ಮೇಲೆ ಹಳಗನ್ನಡ. ಆ ಕಲ್ಲುಗಳ ಮೇಲೆ ಕುಂಟೆಬಿಲ್ಲೆ ಗೀಚಿ ಆಡಿದವರೇ ನಾವು. ಅದರಲ್ಲಿ ಏನು ಬರೆದಿದೆ ಅಂತ ನನಗೆ ತಿಳಿದದ್ದು ಬೆಂಗಳೂರಿನಲ್ಲಿ, ಒಂದು ಲೈಬ್ರರಿಯಲ್ಲಿ. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟ ಇಡೀ ಕೋಲಾರ ಜಿಲ್ಲೆಯದು. ತ್ರಿಭುವನಕರ್ತಾರ ಎಂಬ ಯತಿ ಆವನಿಯ ಸ್ಥಾನವನ್ನು ನಲವತ್ತು ವರ್ಷ ಆಳಿ, ಐವತ್ತು ದೇವಾಲಯ ಕಟ್ಟಿಸಿ, ಎರಡು ದೊಡ್ಡ ಕೆರೆ ಮಾಡಿಸಿ 961ರಲ್ಲಿ ತೀರಿಕೊಂಡನೆಂದು ಅದರಲ್ಲಿ ಓದಿದೆ. ಐವತ್ತು ಗುಡಿ! ಇವತ್ತು ಊರೆಲ್ಲ ತಿರುಗಿದರೂ ಅಷ್ಟು ಎಣಿಸಲು ಸಿಗುವುದಿಲ್ಲ. ಲೆಕ್ಕ ಮಾತ್ರ ಉಳಿದಿದೆ.

ಕಲ್ಲು ಅಂದರೆ ಅಳಿಯದ್ದು ಅಂತ ನಾವು ಸುಲಭವಾಗಿ ಅಂದುಬಿಡುತ್ತೇವೆ. ಶಾಸನದ ಕಲ್ಲು ಮನೆಯ ಮೆಟ್ಟಿಲಾಗಿದೆ, ಬಾವಿಯ ದಂಡೆಯಾಗಿದೆ, ಮುಖ ಕೆಳಗೆ ಮಾಡಿ ಚರಂಡಿಗೆ ಹಾಸಿದ್ದೂ ಇದೆ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಅಗೆಯುವಾಗ ಸಿಕ್ಕಿದ್ದು ಕ್ರಿ.ಶ. 750ರ ಸುಮಾರಿನ ಕಿತ್ತಯ್ಯನ ಕಲ್ಲು. ಸಾವಿರದ ಇನ್ನೂರು ವರ್ಷಕ್ಕೂ ಹೆಚ್ಚು ಹಳೆಯದು, ಯಾವ ಪಟ್ಟಿಯಲ್ಲೂ ಇರಲಿಲ್ಲ. ಅದಕ್ಕೆ ತದ್ವಿರುದ್ಧವಾದದ್ದೂ ಇದೆ. ರೈಸ್ ಕಾಲದವರು ನಕಲು ಮಾಡಿಕೊಂಡ ಎಷ್ಟೋ ಕಲ್ಲುಗಳು ಈಗ ಜಾಗದಲ್ಲಿಲ್ಲ, ಪುಸ್ತಕದಲ್ಲಿ ಮಾತ್ರ ಇವೆ. ನಾನು ಅಂಕಪಟ್ಟಿಯ ಗಲಾಟೆಯಲ್ಲಿ ಕಂಡದ್ದೂ ಇದನ್ನೇ: ಮೂಲ ಹೋಗಿ ನಕಲು ಉಳಿಯುವುದು.

ನಮ್ಮದು ಶಾನುಭೋಗರ ಮನೆ. 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಊರ ಅಧಿಕಾರಗಳು ಹೋದವು. ತಾತನ ಕೈಯಿಂದ ಲೆಕ್ಕ ಸರ್ಕಾರದ ಗ್ರಾಮ ಲೆಕ್ಕಿಗರ ಕೈಗೆ ಹೋಯಿತು. ಆದರೆ ಅವರ ಟ್ರಂಕು ಅಟ್ಟದ ಮೇಲೆ ಉಳಿದಿತ್ತು. ಅದರಲ್ಲಿ ಅವರ ತಾತನ ಕಾಲದ್ದು ಅನ್ನುತ್ತಿದ್ದ ಒಂದು ಕಡತವಿತ್ತು: ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಕಪ್ಪಗೆ ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿದ್ದು. ಬಳಪದಲ್ಲಿ ಬರೆಯುವುದು, ಬೇಡವಾದಾಗ ಒರೆಸಿ ಮತ್ತೆ ಬಳಿದುಕೊಳ್ಳುವುದು. ನಾನು ಅದನ್ನು ಮುಟ್ಟಲು ಹೋದರೆ ತಾತ ಬೈಯುತ್ತಿರಲಿಲ್ಲ, ಅಜ್ಜಿ ಬೈಯುತ್ತಿದ್ದರು, ಕೈಯೆಲ್ಲ ಮಸಿ ಅಂತ. ಯಾವಾಗ ಒರೆಸುತ್ತಿದ್ದರು ಅಂತ ಕೇಳಿದ್ದಕ್ಕೆ ತಾತ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಜಮಾಬಂದಿ ಆಗಬೇಕು, ಅಂಕಿ ಕಾಗದದ ಪುಸ್ತಕಕ್ಕೆ ಏರಬೇಕು, ಅಮಲ್ದಾರರ ರುಜು ಬೀಳಬೇಕು. ಅಲ್ಲಿಯವರೆಗೆ ಎಷ್ಟು ತಿಂಗಳಾದರೂ ಒರೆಸುವ ಹಾಗಿಲ್ಲ. ಅಮಲ್ದಾರರು ಆ ವರ್ಷ ತಡ ಮಾಡಿದರೆ ಕಡತವೂ ಕಾಯುತ್ತಿತ್ತು.

ಗಡಿಯಾರ ನೋಡಿ ಒರೆಸುವುದಕ್ಕೂ ರುಜು ನೋಡಿ ಒರೆಸುವುದಕ್ಕೂ ಎಷ್ಟು ಅಂತರವಿದೆ ಅಂತ ನನಗೆ ಆಗ ತಿಳಿಯುವ ವಯಸ್ಸಲ್ಲ. ಇದನ್ನು ನಾನು ಹೊಗಳಿಕೆಗೆ ಹೇಳುತ್ತಿಲ್ಲ. ಬಳಪ ಯಾರ ಕೈಯಲ್ಲಿತ್ತೋ ಅವರ ಕೈಯಲ್ಲೇ ಒರೆಸುವ ಬಟ್ಟೆಯೂ ಇತ್ತು. ಆ ಟ್ರಂಕಿಗೆ ಊರಿನವರು ಹೆದರುತ್ತಿದ್ದರು ಎಂದು ನನಗೆ ಹೇಳಿದ್ದು ಮನೆಯವರಲ್ಲ, ನಮ್ಮ ಹೊಲದ ಪಕ್ಕದವರು.

ಅವರನ್ನು ನಾನು ಅಣ್ಣ ಅನ್ನುತ್ತೇನೆ. ಅವರ ತಂದೆಗೆ ಸರ್ಕಾರದಿಂದ ದರಖಾಸ್ತಿನಲ್ಲಿ ಒಂದಿಷ್ಟು ಜಮೀನು ಮಂಜೂರಾಗಿತ್ತು. ಕಷ್ಟಕಾಲದಲ್ಲಿ ಅದು ಬೇರೆಯವರ ಕೈಗೆ ಹೋಗಿತ್ತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಇಂಥ ಜಮೀನನ್ನು ಷರತ್ತು ಮುರಿದು ಕೊಂಡಿದ್ದರೆ ವಾಪಸು ಕೊಡಿಸುವ ಕಾಯ್ದೆ ಕರ್ನಾಟಕದಲ್ಲಿ 1978ರಿಂದ ಇದೆ. ಕೋಲಾರದ ಕಡೆ ಎಲ್ಲರೂ ಅದನ್ನು ಪಿ.ಟಿ.ಸಿ.ಎಲ್. ಅಂತಲೇ ಅನ್ನುತ್ತಾರೆ. ಕೇಸಿಗೆ ಮುಖ್ಯ ಬೇಕಾದದ್ದು ಮೂಲ ಮಂಜೂರಾತಿಯ ಕಡತ, ಸಾಗುವಳಿ ಚೀಟಿ. ಚೀಟಿ ಮನೆಯಲ್ಲಿ ಗೆದ್ದಲು ತಿಂದಿತ್ತು. ಕಡತಕ್ಕೆಂದು ಒಂದು ಕಚೇರಿಯ ರೆಕಾರ್ಡ್ ರೂಮಿಗೆ ಅಣ್ಣ ಅಲೆಯುತ್ತಿದ್ದರು. ‘ಕಂಪ್ಯೂಟರ್ ಗೊತ್ತಲ್ಲ, ಒಂದು ಸಲ ಬಾರಪ್ಪ’ ಅಂತ ನನ್ನನ್ನೂ ಕರೆದರು.

ಕಂಪ್ಯೂಟರ್ ಅಲ್ಲಿ ಏನೂ ಮಾಡುವಂತಿರಲಿಲ್ಲ. ಭೂಮಿ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಏರಿದವು, ಕೈಬರಹದ ಪಹಣಿಗೆ ಅಲ್ಲಿಂದ ಮುಂದೆ ಬೆಲೆಯಿಲ್ಲದಂತಾಯಿತು, ಸರಿ. ಅದಕ್ಕೂ ಹಿಂದಿನದು ಬೇಕೆಂದರೆ ರೆಕಾರ್ಡ್ ರೂಮಿಗೇ ಹೋಗಬೇಕು. ಅಲ್ಲಿ ಸೂಚಿ ಪುಸ್ತಕ ಅಂತ ಒಂದಿದೆ: ಇಸವಿ, ಗ್ರಾಮ, ಸರ್ವೆ ನಂಬರು, ಯಾವ ಕಟ್ಟು. ಅಣ್ಣನ ಕಡತ ಆ ಪುಸ್ತಕದಲ್ಲಿ ಇರಲಿಲ್ಲ. ಪುಸ್ತಕದಲ್ಲಿ ಇಲ್ಲ ಅಂದರೆ ಕಡತವೇ ಇಲ್ಲ ಅಂತ ಹಿಂಬರಹ ಬರೆದು ಕೊಡಲು ಗುಮಾಸ್ತರು ಸಿದ್ಧರಿದ್ದರು. ನಿವೃತ್ತಿಗೆ ಹತ್ತಿರವಿದ್ದ ಅಟೆಂಡರ್ ಒಬ್ಬರು ಮಾತ್ರ, ‘ಆ ವರ್ಷದ ಕೆಲವು ಕಡತ ಅಪೀಲಿಗೆ ಹೋಗಿ ಬಂದವು, ವಾಪಸು ಬಂದಾಗ ಯಾರೂ ಪುಸ್ತಕಕ್ಕೆ ಏರಿಸಲಿಲ್ಲ, ಹಾಗೇ ಕಟ್ಟಿಟ್ಟೆವು’ ಅಂದರು. ಆಮೇಲೆ ಮಾಡಿದ್ದು ಗಿಟ್‌ನಲ್ಲಿ ಇಂಥ ಹೊತ್ತಿನಲ್ಲಿ ಮಾಡುವ ಕೆಲಸವನ್ನೇ. ಹೆಸರು ಹಿಡಿದು ಹುಡುಕುವುದನ್ನು ಬಿಟ್ಟು, ಇರುವ ಪ್ರತಿಯೊಂದನ್ನೂ ಬಿಚ್ಚಿ, ಯಾವುದಕ್ಕೆ ಯಾರ ಕೊಂಡಿಯೂ ಇಲ್ಲವೋ ಅದನ್ನು ಪಕ್ಕಕ್ಕೆ ಹಾಕುತ್ತ ಹೋಗುವುದು. ಗಿಟ್ ಅದನ್ನು ನಿಮಿಷಗಳಲ್ಲಿ ಮಾಡುತ್ತದೆ. ಅಟೆಂಡರಿಗೆ ವಾರಗಳೇ ಹಿಡಿದವು, ಬೇರೆ ಕೆಲಸದ ನಡುವೆ, ಕೆಮ್ಮಿಕೊಂಡು. ಕಡತ ಸಿಕ್ಕಿತು.

ಎಷ್ಟು ತಡವಾಗಿ ಬಂದರೂ ಕೇಳಬಹುದೇ ಅನ್ನುವುದು ಈ ಕಾಯ್ದೆಯಲ್ಲೇ ದೊಡ್ಡ ಜಗಳವಾಯಿತು. ಕಾಯ್ದೆ ಕಾಲಮಿತಿ ಹೇಳದಿದ್ದರೂ ಸಮಂಜಸವಾದ ಅವಧಿಯೊಳಗೆ ಬರಬೇಕೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು. ದಶಕಗಳ ಹಿಂದಿನ ಪರಭಾರೆಯ ಎಷ್ಟೋ ಅರ್ಜಿಗಳು ಅದರ ಮೇಲೆ ಬಿದ್ದುಹೋದವು. 2023ರಲ್ಲಿ ವಿಧಾನಮಂಡಲ ತಿದ್ದುಪಡಿ ತಂದು ಯಾವ ಕಾಲಮಿತಿಯೂ ಇಲ್ಲ ಎಂದು ಸ್ಪಷ್ಟ ಮಾಡಿತು. ಕೊಂಡವರ ಕಡೆಯ ನ್ಯಾಯವೂ ಇದೆ, ನಾನು ಇಲ್ಲವೆನ್ನುವುದಿಲ್ಲ. ಮೂವತ್ತು ವರ್ಷ ಉತ್ತವನಿಗೆ ಒಂದು ದಿನ ನೋಟೀಸು ಬಂದರೆ ಅವನೂ ಮನುಷ್ಯನೇ. ಆದರೆ ನನ್ನ ಗಮನ ಹೋದದ್ದು ಬೇರೆ ಕಡೆಗೆ. ತಡವಾಗಿ ಬರುವವರು ಯಾರು? ಬರೆದವರಲ್ಲ, ಅಳಿಸಿದವರಲ್ಲ. ಅವರ ಮಕ್ಕಳು, ಇಲ್ಲವೇ ಕಡತ ಇತ್ತೆಂಬುದೇ ಇಷ್ಟು ದಿನ ಗೊತ್ತಿರದ ಇನ್ಯಾರೋ. ಅಳಿಸಿದವನಿಗೆ ಬೇಕಾಗುವುದಿದ್ದರೆ ಒಂದೆರಡು ವಾರದಲ್ಲಿ ನೆನಪಾಗುತ್ತದೆ. ಎರಡನೆಯವನಿಗೆ ಬೇಕೆಂದು ಗೊತ್ತಾಗಲು ಒಂದು ವರ್ಷವಾದರೂ ಸುತ್ತಬೇಕು: ಒಂದು ಫಲಿತಾಂಶದ ಕಾಲ, ಒಂದು ಆಡಿಟ್, ಒಂದು ಬೆಳೆ.

ಕಾನೂನು ಇದನ್ನು ನಮ್ಮ ಕಸುಬಿಗಿಂತ ಚೆನ್ನಾಗಿ ಅರಿತಿದೆ ಅನ್ನಿಸುತ್ತದೆ. 1963ರ ಕಾಲಮಿತಿ ಕಾಯ್ದೆಯ 17ನೆಯ ಕಲಮಿನ ಪ್ರಕಾರ, ಮೋಸವೋ ತಪ್ಪು ತಿಳಿವಳಿಕೆಯೋ ನಡೆದಿದ್ದರೆ ವಾಯಿದೆ ಎಣಿಸುವುದು ಅದು ನಡೆದ ದಿನದಿಂದಲ್ಲ, ಗೊತ್ತಾದ ದಿನದಿಂದ. ಫೈಲಿನ ತಾರೀಖು ನೋಡಿ ಎಣಿಸುವ ಗಿಟ್‌ಗೆ ಯಾರಾದರೂ ಇದನ್ನು ಓದಿಸಬೇಕು. 1872ರ ಸಾಕ್ಷ್ಯ ಕಾಯ್ದೆಯಲ್ಲಂತೂ, ಮೂವತ್ತು ವರ್ಷ ಹಳೆಯ ಪತ್ರ ಸರಿಯಾದ ಕೈಯಿಂದ ಬಂದಿದ್ದರೆ ಅದರ ಸಹಿಯನ್ನು ನ್ಯಾಯಾಲಯ ನಿಜವೆಂದು ಭಾವಿಸಬಹುದಿತ್ತು. ಈಗಿನ ಹೊಸ ಕಾಯ್ದೆಯಲ್ಲೂ ಆ ಮಾತು ಮುಂದುವರಿದಿದೆ. ಹಳತಾದಷ್ಟೂ ಮರ್ಯಾದೆ ಹೆಚ್ಚು. ಕೇಂದ್ರದ 1993ರ ಸಾರ್ವಜನಿಕ ದಾಖಲೆ ಕಾಯ್ದೆ ಒಂದು ಗೆರೆಯನ್ನೇ ಎಳೆದಿದೆ: 1892ಕ್ಕಿಂತ ಹಿಂದಿನ ದಾಖಲೆಯನ್ನು, ಯಾವ ಕೆಲಸಕ್ಕೂ ಬಾರದಷ್ಟು ಹಾಳಾಗಿದೆಯೆಂದು ಪತ್ರಾಗಾರದ ಮಹಾನಿರ್ದೇಶಕರಿಗೆ ಅನ್ನಿಸಿದ ಹೊರತು, ನಾಶ ಮಾಡುವಂತಿಲ್ಲ. ಇಲ್ಲೂ ಗುಡಿಸಲು ಒಬ್ಬರ ಅಭಿಪ್ರಾಯ ಬೇಕು, ಗಡಿಯಾರ ಸಾಲದು. ನಮ್ಮ ರಾಜ್ಯದಲ್ಲಿ 2024ರಿಂದ ಭೂಸುರಕ್ಷಾ ಎಂಬ ಹೆಸರಿನಲ್ಲಿ ತಾಲ್ಲೂಕು ಕಚೇರಿಗಳ ಹಳೇ ಕಟ್ಟುಗಳನ್ನು ಬಿಚ್ಚಿ ಸ್ಕ್ಯಾನ್ ಮಾಡುತ್ತಿದ್ದಾರೆ. ಪುಸ್ತಕಕ್ಕೆ ಏರದೆ ಉಳಿದಿದ್ದ ಇನ್ನೆಷ್ಟು ಕಡತಗಳಿಗೆ ಅದರಿಂದ ಹೆಸರು ಬರುತ್ತದೋ ನೋಡಬೇಕು.

ಇಷ್ಟಾದರೂ ‘ಏನನ್ನೂ ಅಳಿಸಬೇಡಿ’ ಅನ್ನುವ ಪಂಗಡಕ್ಕೆ ನಾನು ಸೇರಲಿಲ್ಲ. ತಾತನ ಟ್ರಂಕಿನಲ್ಲಿ ಒಂದು ಬಗೆಯ ಕಾಗದ ಮಾತ್ರ ಯಾವತ್ತೂ ಇರುತ್ತಿರಲಿಲ್ಲ: ತೀರಿದ ಪ್ರೋನೋಟು. ಸಾಲ ತೀರಿದ ಗಳಿಗೆಯಲ್ಲೇ, ಸಾಲ ತೀರಿಸಿದವನ ಕಣ್ಣೆದುರೇ, ಸ್ಟಾಂಪಿನ ಮೇಲಿನ ರುಜು ಎರಡು ಹೋಳಾಗುವ ಹಾಗೆ ಹರಿಯಬೇಕು. ‘ಇರಲಿ ಬಿಡಿ, ನಾಳೆ ನೋಡೋಣ’ ಅಂದರೆ ನಾಳೆ ಮಗ, ಮೊಮ್ಮಗ ಅದನ್ನೇ ಹಿಡಿದು ಕೋರ್ಟಿಗೆ ಹೋದಾನು. ಬೆಂಗಳೂರಿನಲ್ಲಿ ನಾನು ಆಮೇಲೆ ಸೇರಿದ ಒಂದು ಕಡೆ, ಪರೀಕ್ಷೆಗೆಂದು ನಿಜವಾದ ಗಿರಾಕಿಗಳ ಹೆಸರು, ಫೋನ್ ನಂಬರು, ಆಧಾರ್ ನಂಬರು ಇದ್ದ ಫೈಲನ್ನು ಯಾರೋ ರೆಪೊಗೆ ಹಾಕಿಬಿಟ್ಟಿದ್ದರು. ಗೊತ್ತಾದ ತಕ್ಷಣ ಇತಿಹಾಸವನ್ನೇ ತಿದ್ದಿ ಬರೆದು, ಹೊಸ ಬ್ರಾಂಚ್ ಕಳಿಸಿ, ಮುಗಿಯಿತು ಅಂತ ಎಲ್ಲರೂ ಕಾಫಿಗೆ ಹೋದರು. ಮುಗಿದಿರಲಿಲ್ಲ. ಹಳೆಯ ಕಮಿಟ್ಟಿನ 40 ಅಕ್ಷರದ ಗುರುತು ಗೊತ್ತಿದ್ದವರು ಕೇಳಿದರೆ ಸರ್ವರು ಆ ಫೈಲನ್ನು ಇನ್ನೂ ತೆಗೆದು ಕೊಡುತ್ತಿತ್ತು. ಅಲ್ಲಿ ಎರಡು ವಾರವೂ ಹೆಚ್ಚು, ಎರಡು ಗಂಟೆಯೂ ಹೆಚ್ಚು. ಅವತ್ತು ಎಲ್ಲ ವಾಯಿದೆಗಳನ್ನೂ ಸೊನ್ನೆ ಮಾಡಿ ಗುಡಿಸಿದೆವು. ಇಳಿಸಿಕೊಂಡಿದ್ದ ಒಬ್ಬೊಬ್ಬರ ಯಂತ್ರದ ಮುಂದೆಯೂ ಕೂತು ಗುಡಿಸಿದೆವು. ತುಮಕೂರಿನ ಮೇಡಂ ಅಂಥವರ ಲ್ಯಾಪ್‌ಟಾಪೇ ಈ ಸಲ ತೊಂದರೆಯ ಜಾಗ ಎಂದು ನೆನೆದು ನಗು ಬಂತು. ಕೆ.ಜಿ.ಎಫ್.ನ ಹುಡುಗ ಅಲ್ಲಿರಲಿಲ್ಲ. ಇದ್ದಿದ್ದರೆ ಏನು ಅನ್ನುತ್ತಿದ್ದನೋ ಗೊತ್ತು.

ಈಗ ನಾನಿರುವ ಕಡೆ ಸರ್ವರಿನ ಕಟ್ಟಳೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಬರೆದದ್ದು ಇಷ್ಟು. ಸ್ವಂತ ಯಂತ್ರದಲ್ಲಿ ಎಟುಕದ ಕಮಿಟ್ಟುಗಳಿಗೆ ಒಂದು ವರ್ಷ. ಸರ್ವರಿನಲ್ಲಿ ರಿಫ್‌ಲಾಗ್ ಹಾಕಿರಬೇಕು, ಗುಡಿಸುವುದು ತಾನಾಗಿ ನಡೆಯಬಾರದು. ಮಾರ್ಚ್ ಮುಗಿದ ಮೇಲೆ ಪಟ್ಟಿ ತೆಗೆದು, ಆಯಾ ತಂಡಕ್ಕೆ ಕಳಿಸಿ, ಒಬ್ಬರು ತಮ್ಮ ಹೆಸರು ಹಾಕಿ ‘ತೆಗೆಯಿರಿ’ ಎಂದ ಮೇಲೆ ತೆಗೆಯುವುದು. ಗುಟ್ಟಿನ ಕೀಲಿ, ಜನರ ಖಾಸಗಿ ವಿವರ ಸಿಕ್ಕರೆ ಅವತ್ತೇ, ಇಬ್ಬರ ಎದುರಿಗೆ. ಮೊದಲಾದರೆ ಇಷ್ಟು ಕಾಲ ಇಟ್ಟರೆ ಬಿಡಿ ಫೈಲುಗಳು ಲಕ್ಷಗಟ್ಟಲೆಯಾಗಿ ಸರ್ವರು ತೆವಳುತ್ತಿತ್ತು. 2022ರಲ್ಲಿ ಬಂದ ಗಿಟ್ 2.37ರಿಂದ ಎಟುಕದವನ್ನೆಲ್ಲ ಬೇರೆಯೇ ಒಂದು ಮೂಟೆಗೆ ಕಟ್ಟಿ, ಪಕ್ಕದಲ್ಲಿ ಒಂದೊಂದರ ತಾರೀಖನ್ನೂ ಬರೆದಿಡುವ ಅನುಕೂಲ ಸಿಕ್ಕಿದೆ; ಮರುವರ್ಷದ 2.41ರಿಂದ ಅದೇ ರೂಢಿ. ಆ ತಾರೀಖು ಮಾತ್ರ ಇವತ್ತಿಗೂ ಫೈಲಿನದೇ, ಹೆಸರು ಕಳಚಿದ ದಿನದ್ದಲ್ಲ. ಅದಕ್ಕೇ ಪಟ್ಟಿಯಲ್ಲಿ ನಾವೇ ಒಂದು ಕಾಲಂ ಹೆಚ್ಚಿಗೆ ಹಾಕಿಕೊಂಡಿದ್ದೇವೆ.

ನನ್ನ ಜೊತೆ ಕೆಲಸ ಮಾಡುವ ಮಾಲೂರಿನ ಹುಡುಗಿಗೆ ಇದರಲ್ಲಿ ಅರ್ಧ ಒಪ್ಪಿಗೆಯಿಲ್ಲ. ಈಗ ಕೃತಕ ಬುದ್ಧಿಮತ್ತೆಯ ಸಾಧನಗಳು ಒಂದು ಸಂಜೆಯಲ್ಲಿ ನೂರಾರು ಕಮಿಟ್ ಮಾಡಿ, ಒಂದನ್ನು ಉಳಿಸಿಕೊಂಡು, ಮಿಕ್ಕದ್ದನ್ನೆಲ್ಲ ಬಿಟ್ಟು ಹೋಗುತ್ತವೆ. ಈ ಸಲದ ಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಅವೇ. “ಸರ್, ಮನುಷ್ಯರು ಬರೆದದ್ದಕ್ಕೆ ವರ್ಷ ಕೊಡಿ, ಇವಕ್ಕೆ ಎರಡು ವಾರ ಸಾಕು. ಇವನ್ನು ಯಾರ ಮೊಮ್ಮಗ ಕೇಳಿಕೊಂಡು ಬರ್ತಾನೆ?” ಅನ್ನುತ್ತಾಳೆ. ಬರೆದವರ ಜಾಗದಲ್ಲಿ ಅವು ಹಾಕುವುದು ನಮ್ಮ ಹುಡುಗರ ಹೆಸರನ್ನೇ, ಯಾವುದು ಯಾರದೆಂದು ಸರ್ವರಿಗೆ ಹೇಗೆ ಗೊತ್ತಾಗಬೇಕು ಅಂತ ನಾನು. ಹಾಗಾದರೆ ಮೊದಲು ಹೆಸರು ಹಾಕುವ ಕ್ರಮವನ್ನು ಸರಿಮಾಡೋಣ ಅಂತ ಅವಳು. ಸದ್ಯಕ್ಕೆ ಎಲ್ಲಕ್ಕೂ ಒಂದು ವರ್ಷ ಅಂತಲೇ ಇದೆ. ಅವಳು ಬರೆದ ಹೊಸ ಕರಡು ನನ್ನ ಮೇಜಿನ ಮೇಲಿದೆ, ಮುಂದಿನ ಸೋಮವಾರ ಕೂತು ಮಾತಾಡಬೇಕು.